ಅಳಿವೆಯ ಒಳಗಿನ ಊರು: ಬಸರೂರು

ಕ್ರಿ.ಶ. 1342ರ ಜುಲೈ ತಿಂಗಳಲ್ಲಿ ದೆಹಲಿಯಿಂದ ಒಂದು ದೊಡ್ಡ ತಂಡ ಹೊರಟಿತು. ಚೀನಾದ ಅರಸನಿಗೆಂದು ಮುಹಮ್ಮದ್ ಬಿನ್ ತುಘಲಕ್ ಕಳುಹಿಸಿದ ಕುದುರೆಗಳು, ಗುಲಾಮರು, ನರ್ತಕಿಯರು, ಬಟ್ಟೆಬರೆಗಳು ಅದರೊಂದಿಗಿದ್ದವು. ತಂಡದ ಮುಂದಾಳು ಮೊರಾಕೋ ದೇಶದ ಇಬ್ನ್ ಬತೂತ. ದೆಹಲಿಯಲ್ಲಿ ಸುಮಾರು ಎಂಟು ವರ್ಷ ಸುಲ್ತಾನನ ಆಶ್ರಯದಲ್ಲಿದ್ದು, ಖಾಜಿಯಾಗಿ ಸಂಬಳ ಪಡೆದು, ಸುಲ್ತಾನನ ಪ್ರೀತಿ ಮತ್ತು ಕೋಪ ಎರಡನ್ನೂ ಉಂಡವನು. ಅವನು ವರ್ಣಿಸಿದ ಸಾವಿರ ಕಂಬಗಳ ಅರಮನೆಯ ಅವಶೇಷವೆಂದು ಹೇಳಲಾಗುವ ಬಿಜಯ್ ಮಂಡಲ್ ಬೇಗಂಪುರದ ಮನೆಗಳ ನಡುವೆ ಇಂದಿಗೂ ನಿಂತಿದೆ. ದಕ್ಷಿಣ ದೆಹಲಿಯಲ್ಲಿ ವಾಸಿಸುವ ಕನ್ನಡಿಗರಲ್ಲಿ ಅನೇಕರು ಅದರ ಪಕ್ಕದಲ್ಲೇ ದಿನವೂ ಹಾದುಹೋಗುತ್ತೇವೆ.

ಗುಜರಾತಿನ ಗಂಧಾರದಲ್ಲಿ ಹಡಗೇರಿದ ಇಬ್ನ್ ಬತೂತ ಗೋವೆಯನ್ನು ಕಂಡು ಹೊನ್ನಾವರಕ್ಕೆ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದುದನ್ನು ಬರೆದಿಟ್ಟ. ಅಲ್ಲಿಂದ ಮುಂದೆ ಅವನು ಇಳಿದ ಊರಿಗೆ ಅವನ ಬರಹದಲ್ಲಿ ಅಬೂಸರೂರ್ ಎಂಬ ಹೆಸರಿದೆ. ದೊಡ್ಡದೊಂದು ಅಳಿವೆಯ ಮೇಲಿರುವ ಸಣ್ಣ ಊರು, ತುಂಬ ತೆಂಗಿನ ಮರಗಳು ಎಂದಷ್ಟೇ ವರ್ಣನೆ. ಅಲ್ಲಿನ ಮುಸ್ಲಿಮರ ಹಿರಿಯ ಶೇಖ್ ಜುಮಾ ಎಂಬವನು ತನ್ನ ಹಣವನ್ನೆಲ್ಲ ಫಕೀರರಿಗೂ ಬಡವರಿಗೂ ಕೊಟ್ಟು ಮುಗಿಸಿದ ಉದಾರಿ ಎಂಬ ಮಾತನ್ನೂ ಸೇರಿಸುತ್ತಾನೆ. ಆ ಅಬೂಸರೂರ್ ನಮ್ಮ ಬಸರೂರು. ಮುಂದೆ ಬಾರಕೂರು, ಮಂಗಳೂರು, ಕಲ್ಲಿಕೋಟೆ. ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಸುಲ್ತಾನನ ಕಾಣಿಕೆಗಳೆಲ್ಲ ನೀರುಪಾಲಾದವು. ದೆಹಲಿಗೆ ಹಿಂದಿರುಗಲು ಹೆದರಿದ ಆ ಯಾತ್ರಿಕ ಮಾಲ್ಡೀವ್ಸ್, ಸಿಂಹಳ, ಬಂಗಾಳಗಳನ್ನು ಸುತ್ತಿ ಕೊನೆಗೆ ಸುಮಾತ್ರದ ಸಮುದ್ರ ಎಂಬ ಬಂದರನ್ನು ಮುಟ್ಟಿದ. ಅದು ಇಂದಿನ ಇಂಡೊನೇಷ್ಯಾದ ಉತ್ತರ ತುದಿಯಲ್ಲಿದೆ.

ದೆಹಲಿಯಿಂದ ಸುಮಾತ್ರಕ್ಕೆ ಹೋಗುವವನ ದಾರಿಯಲ್ಲಿ ಬಸರೂರು ಇತ್ತು ಎಂಬುದನ್ನು ಸ್ವಲ್ಪ ತಡೆದು ಯೋಚಿಸಬೇಕು. ಇಂದು ನಮ್ಮ ಮಕ್ಕಳಿಗೆ ಆ ಊರನ್ನು ತೋರಿಸಬೇಕಾದರೆ ಮೊದಲು ಉಡುಪಿ ಎನ್ನಬೇಕು, ಆಮೇಲೆ ಕುಂದಾಪುರ ಎನ್ನಬೇಕು, ಅಲ್ಲಿಂದ 6–7 ಕಿ.ಮೀ. ಒಳಗೆ ಎನ್ನಬೇಕು. ವಾರಾಹಿ ಹೊಳೆಯ ದಂಡೆಯಲ್ಲಿ ಗದ್ದೆ, ತೆಂಗಿನ ತೋಟ, ಹಂಚಿನ ಮಾಡಿನ ಮನೆಗಳ ಒಂದು ಗ್ರಾಮ. ಆಡುವ ಮಾತು ಕುಂದಗನ್ನಡ, ಜೊತೆಗೆ ಕೊಂಕಣಿ. ಮೂಲೆಯ ಊರು ಎಂದು ಸುಲಭವಾಗಿ ಕರೆದುಬಿಡಬಹುದಾದ ಊರು. ಮೂಲೆ ಎಂಬುದು ನೋಡುವವನು ನಿಂತ ಜಾಗವನ್ನು ಅವಲಂಬಿಸಿದ್ದು. ಕಡಲಿನ ಕಡೆಯಿಂದ ನೋಡುತ್ತಿದ್ದವರಿಗೆ ಬಸರೂರು ಮೂಲೆಯಾಗಿರಲಿಲ್ಲ, ದೆಹಲಿಯೇ ದೂರವಾಗಿತ್ತು.

ಊರು ಕಡಲ ತಡಿಯಲ್ಲಿಲ್ಲ ಎಂಬುದೇ ಅದರ ಭಾಗ್ಯ. ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ, ವಾರಾಹಿ ಎಂಬ ಐದು ಹೊಳೆಗಳು ಗಂಗೊಳ್ಳಿಯಲ್ಲಿ ಕೂಡಿ ಕಡಲು ಸೇರುತ್ತವೆ. ಪಂಚಗಂಗಾವಳಿ ಎಂದು ಆ ಸಂಗಮದ ಹೆಸರು. ಅಳಿವೆಯ ಒಳಗೆ ಕುದ್ರುಗಳ ಮರೆಯಲ್ಲಿ ನೀರು ಶಾಂತ. ಹೊರಗಿನ ಗಾಳಿಯಿಂದಲೂ ಕಡಲುಗಳ್ಳರಿಂದಲೂ ದೂರ. ಆದರೆ ಉಬ್ಬರದ ನೀರಿನೊಂದಿಗೆ ಪಡಾವುಗಳು ಮಾಲು ಹೊತ್ತು ಒಳಗೆ ಬರಬಹುದು. ಬೆನ್ನಿಗೆ ಘಟ್ಟ, ಘಟ್ಟದ ದಾರಿಗಳಿಂದ ಎತ್ತಿನ ಹೇರುಗಳು ಮೆಣಸನ್ನು ತರುತ್ತಿದ್ದವು. ಮಳೆಗಾಲದಲ್ಲಿ ಬಂದರು ಮುಚ್ಚುತ್ತಿತ್ತು. ನೂಲಹುಣ್ಣಿಮೆಯ ಹೊತ್ತಿಗೆ ಕಡಲು ತಣಿದ ಮೇಲೆ ಮತ್ತೆ ವ್ಯಾಪಾರ. ಹೊನ್ನಾವರ, ಬಾರಕೂರು, ಮಂಗಳೂರು ಎಲ್ಲವೂ ಇಂಥವೇ ಹೊಳೆಬಾಯಿಯ ಬಂದರುಗಳು.

ಶಾಸನಗಳಲ್ಲಿ ಈ ಊರು ಬಸುರೆಪಟ್ಟಣ. ಸ್ಥಳಪುರಾಣದಲ್ಲಿ ವಸು ಎಂಬ ಅರಸ ಕಟ್ಟಿಸಿದ ವಸುಪುರ. ಪುರಾಣದ ಅರಸನಿಗಿಂತ ಶಾಸನಗಳ ಜನರೇ ನಮಗೆ ಹೆಚ್ಚು ಆಸಕ್ತಿ ಹುಟ್ಟಿಸುತ್ತಾರೆ. ವಿಜಯನಗರದ ಕಾಲದಲ್ಲಿ ಇದು ಬಾರಕೂರು ರಾಜ್ಯದೊಳಗಿತ್ತು. ರಾಜ್ಯದ ಅಧಿಕಾರಿ ಬಾರಕೂರಿನಲ್ಲಿ. ಊರಿನ ವ್ಯವಹಾರ ಮಾತ್ರ ಮೂಡುಕೇರಿ, ಪಡುವಕೇರಿಗಳ ಸೆಟ್ಟಿಕಾರರು ಮತ್ತು ಹಲರ ಕೈಯಲ್ಲಿ. ‘ಹಲರು’ ಎಂಬ ಪದವನ್ನು ಗಮನಿಸಿ. ಹಲವರು ಎಂಬುದೇ ಅದರ ನೇರ ಅರ್ಥ. ಒಬ್ಬನ ಹೆಸರಿಲ್ಲದೆ ‘ಹಲವರು’ ಎಂಬುದೇ ಒಂದು ಸಂಸ್ಥೆಯ ಹೆಸರಾಗುವುದು ನಮ್ಮ ಭಾಷೆಯ ಸೊಗಸು. ದೇವಸ್ಥಾನಕ್ಕೆ ದತ್ತಿ ಬಿಟ್ಟರೆ ಅದನ್ನು ನಡೆಸುವ ಹೊಣೆ ಅವರದು. ಅವರ ಜೊತೆಯಲ್ಲಿ ‘ಹಂಜಮಾನ’ ಎಂಬ ಮಾತೂ ಕರಾವಳಿಯ ಶಾಸನಗಳಲ್ಲಿ ಬರುತ್ತದೆ: ಪಶ್ಚಿಮದ ಕಡಲಿನಿಂದ ಬಂದು ನೆಲೆಸಿದ ಪರದೇಶಿ ವರ್ತಕರ ಕೂಟ. ಪಾರಸಿಯ ‘ಅಂಜುಮನ್’ ಕನ್ನಡದ ಕಲ್ಲಿನ ಮೇಲೆ ಹೀಗೆ ಕುಳಿತಿದೆ. ಇಬ್ನ್ ಬತೂತ ಕಂಡ ಶೇಖ್ ಜುಮಾನನ್ನು ಇಂಥ ಜನರ ನಡುವೆ ಇಟ್ಟು ನೋಡಿದರೆ ಅವನು ಅಪರಿಚಿತನೆನಿಸುವುದಿಲ್ಲ. ಪೋರ್ಚುಗೀಸರಿಗೆ ಈ ಸೆಟ್ಟಿಗಳು ‘ಚಾತಿನ್’ಗಳು, ಊರು ‘ಬಾರ್ಸೆಲೋರ್’. ದೂರದ ಅರಸನಿಗೆ ಕಪ್ಪ ಕೊಟ್ಟು ತಮ್ಮನ್ನು ತಾವೇ ಆಳಿಕೊಳ್ಳುವ ಜನ ಎಂದು ಅವರ ಬರಹಗಾರರು ಆಶ್ಚರ್ಯದಿಂದ ಬರೆದರು. ಪ್ರಜಾರಾಜ್ಯ ಎಂದು ಹಿಗ್ಗುವುದು ಅತಿಯಾದೀತು; ಗದ್ದೆಯಲ್ಲಿ ದುಡಿದವರಿಗೂ ಮೂಟೆ ಹೊತ್ತವರಿಗೂ ಆ ಹಲರಲ್ಲಿ ಜಾಗವಿತ್ತೆಂದು ಭಾವಿಸಲು ಕಾರಣವಿಲ್ಲ.

ಇಷ್ಟಕ್ಕೂ ಈ ಊರನ್ನು ಶ್ರೀಮಂತಗೊಳಿಸಿದ ವಸ್ತು ಯಾವುದು? ಕರಾವಳಿಯ ಚರಿತ್ರೆ ಎಂದೊಡನೆ ಮೆಣಸು ನೆನಪಾಗುತ್ತದೆ. ಬಸರೂರಿನ ಮಟ್ಟಿಗೆ ಉತ್ತರ ಅಕ್ಕಿ. 1516ರ ಸುಮಾರಿಗೆ ಬರೆದ ದುವಾರ್ತೆ ಬಾರ್ಬೊಸಾ ಬಾರಕೂರು, ಬಸರೂರುಗಳಲ್ಲಿ ಅಕ್ಕಿ ತುಂಬಿಸಿಕೊಳ್ಳುವ ಹಡಗುಗಳನ್ನು ಹೆಸರಿಸುತ್ತಾನೆ. ಅವು ಹೋಗುತ್ತಿದ್ದುದು ಮಲಬಾರಿಗೆ, ಹೊರ್ಮುಜಿಗೆ, ಏಡನ್ನಿಗೆ. ಮಲಬಾರಿನಲ್ಲಿ ತೆಂಗು ಮೆಣಸು ಧಾರಾಳ, ಅಕ್ಕಿ ಸಾಲದು. ಹೊರ್ಮುಜ್ ಉಪ್ಪಿನ ದ್ವೀಪ, ಹುಲ್ಲೂ ಬೆಳೆಯದ ನೆಲ. ಅಲ್ಲಿಂದ ಕುದುರೆ ಬಂದಿತು, ಇಲ್ಲಿಂದ ಅನ್ನ ಹೋಯಿತು. ಗೋವೆಯನ್ನು ಹಿಡಿದು ರಾಜಧಾನಿ ಮಾಡಿಕೊಂಡ ಪೋರ್ಚುಗೀಸರು ಕೂಡ ಅನ್ನಕ್ಕೆ ಕನ್ನಡ ಕರಾವಳಿಯನ್ನೇ ನೆಚ್ಚಬೇಕಾಯಿತು. ಅಕ್ಕಿಯ ದೋಣಿಗಳ ಸಾಲಿಗೆ ಯುದ್ಧನೌಕೆಗಳ ಕಾವಲು ಕೊಟ್ಟು ಗೋವೆಗೆ ಕರೆದೊಯ್ಯುವುದು ಅವರ ವರ್ಷವರ್ಷದ ಕೆಲಸವಾಗಿತ್ತು. ಆ ಸಾಲಿಗೆ ‘ಕಾಫಿಲಾ’ ಎಂದು ಹೆಸರು.

ಹಳೆಯ ತಲೆಮಾರಿನ ಕರಾವಳಿ ಓದುಗರಿಗೆ ಅಕ್ಕಿಮುಡಿ ಗೊತ್ತು. ಬೈಹುಲ್ಲಿನ ಹಾಸಿನಲ್ಲಿ ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಬಿಗಿದು ಸುತ್ತಿ, ಬಡಿದು ದುಂಡಗೆ ಮಾಡಿದ ಕಟ್ಟು. ಸಾಮಾನ್ಯ ಲೆಕ್ಕದಲ್ಲಿ ಮುಡಿಗೆ 42 ಸೇರು. ಹುಳ ಹತ್ತದೆ, ಮುಗ್ಗಲು ಹಿಡಿಯದೆ ಮಳೆಗಾಲ ದಾಟಿಸುವ ಆ ಕಟ್ಟನ್ನು ಕಟ್ಟಲು ಕೈಗೆ ವಿದ್ಯೆ ಬೇಕು. ಚರಿತ್ರೆಯ ಪುಸ್ತಕಗಳಲ್ಲಿ ಹಡಗಿನ ಚಿತ್ರಗಳಿರುತ್ತವೆ, ಮುಡಿ ಕಟ್ಟುವವನ ಚಿತ್ರವಿರುವುದಿಲ್ಲ. ಕುಚ್ಚಲಕ್ಕಿಗೆ ಭತ್ತ ಬೇಯಿಸಿ, ಒಣಗಿಸಿ, ಒನಕೆಯಲ್ಲಿ ಕುಟ್ಟಿದ ಹೆಂಗಸರ ಮಾತಂತೂ ಎಲ್ಲಿಯೂ ಇಲ್ಲ.

ಅಕ್ಕಿ ಬೇಕಾದವರಿಗೆ ಅಕ್ಕಿ ಇರುವ ಬಂದರು ಬೇಕೆನಿಸುವುದು ಸಹಜ. 1569ರಲ್ಲಿ ವೈಸರಾಯ್ ಲೂಯಿಸ್ ದ ಅತಾಯಿದೆ ದಂಡೆತ್ತಿ ಬಂದು ಕೆಳ ಬಸರೂರಿನ ಕೋಟೆಯನ್ನು ಹಿಡಿದ. ನಾಲ್ಕು ವರ್ಷಗಳ ಹಿಂದೆ ತಾಳಿಕೋಟೆಯಲ್ಲಿ ವಿಜಯನಗರ ಮುರಿದುಬಿದ್ದಿತ್ತು. ಅಲ್ಲಿಂದ ಮುಂದೆ ಎರಡು ಬಸರೂರುಗಳು: ಹೊಳೆಬಾಯಿಗೆ ಹತ್ತಿರ ಪೋರ್ಚುಗೀಸರ ಕೋಟೆಯ ಕೆಳ ಬಸರೂರು, ಹೊಳೆಯ ಮೇಲ್ಭಾಗದಲ್ಲಿ ಸೆಟ್ಟಿಗಳ ಮೇಲಿನ ಬಸರೂರು. 1623ರಲ್ಲಿ ಇಕ್ಕೇರಿಯಿಂದ ಘಟ್ಟ ಇಳಿದು ಬಂದ ಇಟಲಿಯ ಪಿಯೆತ್ರೊ ದೆಲ್ಲ ವಾಲ್ಲೆ ಈ ಎರಡನ್ನೂ ಬೇರೆ ಬೇರೆಯಾಗಿಯೇ ಕಂಡ. ಮೇಲಿನದು ಕೆಳದಿಯ ವೆಂಕಟಪ್ಪ ನಾಯಕನಿಗೆ ಸೇರಿದ್ದೆಂದು ಬರೆದ. ಇವರಿಬ್ಬರ ನಡುವೆ ಜಗಳವೂ ಇತ್ತು, ವ್ಯಾಪಾರವೂ ಇತ್ತು. ಕೋಟೆಯವರಿಗೆ ಅಕ್ಕಿ ಬೇಕು, ಸೆಟ್ಟಿಗಳಿಗೆ ಕಡಲ ದಾರಿ ಬೇಕು. ಈ ಇಕ್ಕಟ್ಟಿನ ಕಥೆಯನ್ನು ಪೋರ್ಚುಗೀಸ್ ಕಾಗದಪತ್ರಗಳಿಂದ ಎತ್ತಿ, 1600ರಿಂದ 1650ರವರೆಗಿನ ಬಸರೂರಿನ ಅಕ್ಕಿ ವ್ಯಾಪಾರದ ಮೇಲೆ ಸಂಜಯ್ ಸುಬ್ರಹ್ಮಣ್ಯಂ ಬರೆದ ಪ್ರಬಂಧ 1984ರಲ್ಲಿ ಪ್ರಕಟವಾಯಿತು. ಅವರು ಆಗ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿದ್ದರು. ನಮ್ಮ ಊರುಗಳನ್ನು ಕುರಿತ ಒಳ್ಳೆಯ ಬರಹವೊಂದು ನಾವಿರುವ ಈ ನಗರದಲ್ಲೇ ಹುಟ್ಟಿತು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು!

ಕೆಳದಿಯ ಶಿವಪ್ಪ ನಾಯಕ 1650ರ ದಶಕದ ಮೊದಲ ವರ್ಷಗಳಲ್ಲಿ ಪೋರ್ಚುಗೀಸರನ್ನು ಬಸರೂರು, ಗಂಗೊಳ್ಳಿ, ಹೊನ್ನಾವರಗಳ ಕೋಟೆಗಳಿಂದ ಹೊರಹಾಕಿದ. ಈ ಕಾಲಾನುಕ್ರಮವನ್ನು ಸ್ಪಷ್ಟವಾಗಿ ನೆನಪಿಡುವುದು ಅವಶ್ಯ, ಏಕೆಂದರೆ ಮುಂದಿನ ಘಟನೆಯ ಅರ್ಥ ಅದರ ಮೇಲೆ ನಿಂತಿದೆ. 1665ರ ಫೆಬ್ರವರಿಯಲ್ಲಿ ಶಿವಾಜಿ ಸ್ವತಃ ಹಡಗೇರಿ, ಮಾಲವಣದಿಂದ 85 ಸಣ್ಣ ಯುದ್ಧನೌಕೆಗಳು ಮತ್ತು ಮೂರು ದೊಡ್ಡ ಹಡಗುಗಳೊಂದಿಗೆ ಬಸರೂರಿಗೆ ಬಂದು ಊರನ್ನು ಸೂರೆ ಮಾಡಿ ಅಪಾರ ಸಂಪತ್ತನ್ನು ಒಯ್ದ. ಹಿಂದಿರುಗುವಾಗ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿ ಅಂಕೋಲೆಯ ದಾರಿಯಾಗಿ ಕಾರವಾರಕ್ಕೆ ಹೋದ. ಅಲ್ಲಿನ ವರ್ತಕರು ಕೂಡಿ ಹಣ ಕೊಟ್ಟು ಊರು ಉಳಿಸಿಕೊಂಡರು; ಇಂಗ್ಲಿಷರ ಪಾಲು 112 ಪೌಂಡ್. ಇತ್ತೀಚಿನ ವರ್ಷಗಳಲ್ಲಿ ಈ ದಾಳಿಯನ್ನು ಪೋರ್ಚುಗೀಸರಿಂದ ಬಸರೂರಿಗೆ ದೊರೆತ ಬಿಡುಗಡೆ ಎಂದು ಹೇಳುವುದು ಕೇಳಿಬರುತ್ತದೆ. ಆ ಹೊತ್ತಿಗೆ ಪೋರ್ಚುಗೀಸರ ಕೋಟೆ ಹೋಗಿ ಹತ್ತು ವರ್ಷಕ್ಕೂ ಮೇಲಾಗಿತ್ತು; ಊರು ಕೆಳದಿ ಅರಸರದು, ಸಂಪತ್ತು ಸೆಟ್ಟಿಗಳದು. ಶಿವಾಜಿಯ ನೌಕಾಬಲದ ಸಾಹಸವನ್ನು ಮೆಚ್ಚಲು ಯಾರಿಗೂ ಅಡ್ಡಿಯಿಲ್ಲ. ಆದರೆ ಕೋಟೆಯನ್ನು ಬಿಡಿಸಿಕೊಂಡ ಶಿವಪ್ಪ ನಾಯಕನನ್ನೂ, ಸೂರೆಗೆ ಸಿಕ್ಕ ಊರಿನವರನ್ನೂ ಕಥೆಯಿಂದ ಕೈಬಿಟ್ಟು ಬಸರೂರಿನ ಚರಿತ್ರೆ ಹೇಳುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಸೂರೆಯಾದ ಮರುದಿನ ಆ ಕೇರಿಗಳಲ್ಲಿ ಎದ್ದವರು ಏನು ಅಂದುಕೊಂಡರೆಂದು ಯಾವ ಕಾಗದವೂ ಹೇಳುವುದಿಲ್ಲ.

ಆ ಪೆಟ್ಟಿನಿಂದ ಊರು ಕೂಡಲೇ ಸಾಯಲಿಲ್ಲ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಡಚ್ಚರು ಇಲ್ಲಿ ಕೋಠಿ ಇಟ್ಟು ಅಕ್ಕಿ, ಮೆಣಸು ಕೊಂಡರು. ಅವರ ಲೆಕ್ಕ ಕೊಚ್ಚಿಗೆ, ಕೊಚ್ಚಿಯಿಂದ ಜಾವಾದ ಬಟಾವಿಯಕ್ಕೆ ಹೋಗಬೇಕು. ಇಂದಿನ ಜಕಾರ್ತ ನಗರದಲ್ಲಿ ಕುಳಿತ ಡಚ್ ಗುಮಾಸ್ತರಿಗೆ ಬಸರೂರಿನ ಹೆಸರು ಪರಿಚಿತವಾಗಿತ್ತು. ಅದೇ ಹೊತ್ತಿನಲ್ಲಿ ಔರಂಗಜೇಬನ ದೆಹಲಿಯಲ್ಲಿ ಅದನ್ನು ಕೇಳಿದವರು ಇದ್ದರೋ ಇಲ್ಲವೋ.

ಇಳಿತ ನಿಧಾನವಾಗಿ ಬಂದಿತು, ಒಂದೇ ಕಾರಣದಿಂದಲೂ ಅಲ್ಲ. ಹಡಗುಗಳು ದೊಡ್ಡವಾದಂತೆ ಹೊಳೆಯೊಳಗಿನ ಬಂದರುಗಳು ಸಾಲದಾದವು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಮಂಗಳೂರು ಮುಂದಾಯಿತು. 1799ರಲ್ಲಿ ಇಂಗ್ಲಿಷರು ಬಂದಾಗ ಅಧಿಕಾರದ ದಾರಿ ಮದರಾಸಿನ ಕಡೆ ತಿರುಗಿತು. ಕುಂದಾಪುರ ತಾಲೂಕಿನ ಕೇಂದ್ರವಾಯಿತು, ಕಚೇರಿ ಕೋರ್ಟುಗಳು ಅಲ್ಲಿಗೆ ಹೋದವು. ಹಲರು ಇಲ್ಲವಾದರು. ಬಸರೂರಿನ ಹೆಸರು ನಾಡಿನ ಬಾಯಲ್ಲಿ ಉಳಿದದ್ದು ಅಲ್ಲಿನ ಸೂಳೆಗೇರಿಯ ಗಾದೆಗಳಲ್ಲಿ. ಶ್ರೀಮಂತ ಬಂದರಿನಲ್ಲಿ ದೇವಸ್ಥಾನ, ನೃತ್ಯ, ವ್ಯಾಪಾರಗಳ ನಡುವೆ ಬದುಕಿದ ಹೆಂಗಸರ ಒಂದು ಲೋಕವನ್ನು ನಗೆಮಾತಾಗಿ ಇಳಿಸಿದ್ದು ನಾವೇ, ಕನ್ನಡಿಗರು.

ಈಗ ಹೋದರೆ ಕಾಣುವುದೇನು? ಮಹಾಲಿಂಗೇಶ್ವರ ದೇವಸ್ಥಾನ ಮತ್ತು ಅದರ ಕೆರೆ. ಹಳೆಯ ಕೇರಿಗಳ ಹೆಸರು ಹೊತ್ತ ಓಣಿಗಳು: ಮಂಡಿಕೇರಿ, ರಾವುತಕೇರಿ, ವಿಲಾಸಕೇರಿ. ಮಂಡಿಯ ವ್ಯಾಪಾರ, ಕುದುರೆಯ ರಾವುತ, ವಿಲಾಸ ಮೂರೂ ಹೆಸರಿನಲ್ಲಿ ಮಾತ್ರ ಇವೆ. ತುಳುವೇಶ್ವರನ ಪಾಳುಗುಡಿಯನ್ನು ಮರದ ಬೇರುಗಳು ತಬ್ಬಿಕೊಂಡಿವೆ. ಕಾಂಬೋಡಿಯದ ಗುಡಿಗಳ ಚಿತ್ರ ನೋಡಿದವರಿಗೆ ಅದು ಥಟ್ಟನೆ ನೆನಪಾದೀತು. ಅಂಗಳಗಳಲ್ಲಿ ಶಾಸನದ ಕಲ್ಲುಗಳು, ಕೆಲವಕ್ಕೆ ಸುಣ್ಣ ಬಳಿದು ಅಕ್ಷರ ಮುಚ್ಚಿಹೋಗಿದೆ.

ಕೊಂಕಣ ರೈಲ್ವೆಯ ಕುಂದಾಪುರ ನಿಲ್ದಾಣವಿರುವುದು ಬಸರೂರಿನ ಮಗ್ಗುಲಲ್ಲೇ ಇರುವ ಮೂಡ್ಲಕಟ್ಟೆಯಲ್ಲಿ. ನಿಜಾಮುದ್ದೀನಿನಿಂದ ಹೊರಟು ಕೇರಳಕ್ಕೆ ಹೋಗುವ ರೈಲುಗಳು ಆ ಹಳಿಯ ಮೇಲೇ ಓಡುತ್ತವೆ. ರಜೆಗೆ ಊರಿಗೆ ಹೋಗುವ ಓದುಗರು ಅರ್ಧ ದಿನ ಇಟ್ಟುಕೊಂಡರೆ ಸಾಕು. ಮಳೆಗಾಲವಾದರೆ ಕೊಡೆ ಬೇಕು. ಕಲ್ಲುಗಳ ಮೇಲಿನ ಸಾಲುಗಳನ್ನು ಓದಲು ಇಳಿಬಿಸಿಲಿನ ಹೊತ್ತು ಒಳ್ಳೆಯದು. ಓರೆ ಬೆಳಕಿನಲ್ಲಿ ಸವೆದ ಅಕ್ಷರಗಳೂ ತುಸು ಎದ್ದು ಕಾಣುತ್ತವೆ.