ಗೋದಲಿಯ ಒಣಹುಲ್ಲು
ದನಗಳಿಗೆ ಮೇವು ಹಾಕುವ ತೊಟ್ಟಿಗೆ ಕನ್ನಡದಲ್ಲಿ ಗೋದಲಿ ಎಂಬ ಹೆಸರಿದ್ದು, ಕ್ರಿಸ್ಮಸ್ಸಿಗೆ ಬೊಂಬೆಗಳನ್ನಿಟ್ಟು ರಚಿಸುವ ಯೇಸುಜನನದ ದೃಶ್ಯಕ್ಕೂ ಕರ್ನಾಟಕದ ಕ್ರೈಸ್ತರು ಆ ಮಾತನ್ನೇ ಬಳಸುತ್ತಾರೆ. ಈ ಆಚರಣೆಯ ಚರಿತ್ರೆಯಲ್ಲಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿಗೆ ವಿಶೇಷ ಸ್ಥಾನವಿದೆ. 1223ರ ಕ್ರಿಸ್ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಅಲ್ಲಿ ಗೋದಲಿಯೊಂದನ್ನಿಡಿಸಿ, ಒಣಹುಲ್ಲು ತುಂಬಿಸಿ, ಜೀವಂತ ಎತ್ತು ಮತ್ತು ಕತ್ತೆಯನ್ನು ತರಿಸಿ, ಅಲ್ಲಿಯೇ ಬಲಿಪೂಜೆ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅರ್ಪಿಸುವ ಆರಾಧನೆ, ನಡೆಯುವಂತೆ ಏರ್ಪಡಿಸಿದರೆಂದು ಅವರ ಮೊದಲ ಚರಿತ್ರಕಾರ ಚೆಲಾನೊದ ಥಾಮಸ್ ದಾಖಲಿಸಿದ್ದಾನೆ. ಊರ ಜನ ದೀವಟಿಗೆ ಹಿಡಿದು ಬಂದರು. ಫ್ರಾನ್ಸಿಸರು ಸುವಾರ್ತೆಯನ್ನು ಹಾಡಿದರು. ಬಡತನದಲ್ಲಿ ಹುಟ್ಟಿದ ದೇವರನ್ನು ಕಣ್ಣಾರೆ ಕಾಣಿಸುವುದೊಂದೇ ಅವರ ಉದ್ದೇಶವಾಗಿದ್ದುದರಿಂದ ಆ ಬರಿಯ ಹುಲ್ಲೇ ಅಲ್ಲಿ ಮುಖ್ಯವಾಗಿತ್ತು.

ಆದರೆ 18ನೆಯ ಶತಮಾನದಲ್ಲಿ ಇಟಲಿಯದೇ ನೇಪಲ್ಸ್ ನಗರದಲ್ಲಿ ಅರಮನೆ ಮತ್ತು ಶ್ರೀಮಂತರ ಮನೆಗಳ ಗೋದಲಿಗಳು ಸುಟ್ಟಮಣ್ಣಿನ ತಲೆಯ, ರೇಷ್ಮೆಯುಡುಗೆಯ ಬೊಂಬೆಗಳಿಂದಲೂ ಮೀನು, ಹಣ್ಣುಗಳ ಅಂಗಡಿಸಾಲುಗಳಿಂದಲೂ ತುಂಬಿ, ಶಿಶುವನ್ನು ಸಂತೆಯ ನಡುವೆ ಹುಡುಕಬೇಕಾದಷ್ಟು ವೈಭವ ತಳೆದವು. ಕುಶಲಕರ್ಮಿಗಳ ಕೈಚಳಕ ಮೆಚ್ಚತಕ್ಕದ್ದೇ ಆದರೂ ಗ್ರೆಚ್ಚೊದ ಮೌನ ಅಲ್ಲಿ ಉಳಿಯಲಿಲ್ಲ. ಸಿದ್ಧ ಬೊಂಬೆಗಳು ಅಂಗಡಿಯಲ್ಲಿ ಸಿಗುವ ಇಂದಿಗೂ ಕರ್ನಾಟಕದ ಕರಾವಳಿಯ ಹಲವು ಕ್ರೈಸ್ತ ಮನೆಗಳಲ್ಲಿ ಮಕ್ಕಳು ಕಾಳು ಮೊಳಕೆ ಬರಿಸಿ ಗೋದಲಿಯ ಸುತ್ತ ಹಸಿರು ಬೆಳೆಸುತ್ತಾರೆ, ಮತ್ತು ಡಿಸೆಂಬರ್ 24ರ ರಾತ್ರಿಯವರೆಗೆ ಶಿಶುವಿನ ಜಾಗದಲ್ಲಿ ಹುಲ್ಲು ಮಾತ್ರ ಇರುತ್ತದೆ.