ಲೇಥ್‌ನ ಸಿಎನ್‌ಸಿ ಪರಿವರ್ತನೆ

ಕೈಚಕ್ರ ತಿರುಗಿಸಿ ನಡೆಸುವ ಲೇಥ್‌ಗೆ ಮೋಟಾರು, ಬಾಲ್ ಸ್ಕ್ರೂ, ಕಂಟ್ರೋಲರ್ ಅಳವಡಿಸಿ ಕಂಪ್ಯೂಟರ್ ಆದೇಶದಂತೆ (ಸಿಎನ್‌ಸಿ, ಅಂದರೆ ಕಂಪ್ಯೂಟರ್ ಸಂಖ್ಯಾ ನಿಯಂತ್ರಣ) ಕೆಲಸ ಮಾಡಿಸುವ ವಿಧಾನ. ಕಾರ್ಖಾನೆಗಳಲ್ಲಿ ಇದನ್ನು ರೆಟ್ರೊಫಿಟ್ ಎನ್ನುತ್ತಾರೆ.

ಹಿನ್ನೆಲೆ: 1800ರ ಸುಮಾರಿಗೆ ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲೆ ರೂಪಿಸಿದ ಲೇಥ್‌ನಲ್ಲಿ ಲೀಡ್ ಸ್ಕ್ರೂ ಮತ್ತು ಗಿಯರುಗಳ ನೆರವಿನಿಂದ ಕರಾರುವಾಕ್ಕಾಗಿ ಥ್ರೆಡ್ ಹಾಕುವುದು ಸಾಧ್ಯವಾಯಿತು. ಉದ್ಯಮಿ ಜಾನ್ ಪಾರ್ಸನ್ಸ್ ಅವರ ಕಲ್ಪನೆಯನ್ನು ಬೆಳೆಸಿದ ಅಮೆರಿಕದ ಎಂಐಟಿ, ರಂಧ್ರಪಟ್ಟಿಯ ಅಂಕಿಗಳನ್ನು ಓದಿ ಚಲಿಸುವ ಮಿಲ್ಲಿಂಗ್ ಯಂತ್ರವನ್ನು 1952ರಲ್ಲಿ ಪ್ರದರ್ಶಿಸಿತು. ಅದು ಸಿನ್ಸಿನಾಟಿ ಕಂಪನಿಯ ಹೈಡ್ರೊಟೆಲ್ ಯಂತ್ರದ ಮಾರ್ಪಾಟು. ಹೀಗೆ ಸಂಖ್ಯಾ ನಿಯಂತ್ರಣದ ಚರಿತ್ರೆ ತೊಡಗಿದ್ದೇ ಪರಿವರ್ತನೆಯಿಂದ. 1970ರ ದಶಕದಲ್ಲಿ ಮೈಕ್ರೊಪ್ರೊಸೆಸರ್ ಬಂದು ಕಂಟ್ರೋಲರ್ ಅಗ್ಗವಾಯಿತು.

ಕರ್ನಾಟಕದಲ್ಲಿ: 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದೊಂದಿಗೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಯಂತ್ರೋಪಕರಣ ಕಾರ್ಖಾನೆಗಳು ಆರಂಭವಾದವು. ಯಂತ್ರೋಪಕರಣಗಳ ಸಂಶೋಧನೆಗಾಗಿ 1962ರಲ್ಲಿ ಬೆಂಗಳೂರಿನಲ್ಲಿ ಸಿಎಂಟಿಐ ಸ್ಥಾಪನೆಯಾಯಿತು. ಹರಿಹರ, ಜಾಲಹಳ್ಳಿಗಳ ಲೇಥ್‌ಗಳ ಎರಕದ ಬೆಡ್ ದಶಕಗಳ ಕಾಲ ಬಾಳುವಂಥದು. ಬೆಡ್ ಗಟ್ಟಿಯಾಗಿದ್ದರೆ ಹೊಸ ಯಂತ್ರಕ್ಕಿಂತ ಪರಿವರ್ತನೆ ಅಗ್ಗ. ಹಳೆಯ ಯಂತ್ರಗಳ ದುರಸ್ತಿ ಮತ್ತು ರೆಟ್ರೊಫಿಟ್ ಕೆಲಸವನ್ನು ಎಚ್‌ಎಂಟಿಯೂ ಕೈಗೊಳ್ಳುತ್ತದೆ.

ವಿಧಾನ: ಸವೆದ ಸ್ಕ್ರೂ ಇರುವ ಲೇಥ್‌ನಲ್ಲಿ ಕೈಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಮೊದಲು ಚಕ್ರವಷ್ಟೇ ತಿರುಗುತ್ತದೆ, ಕ್ರಾಸ್ ಸ್ಲೈಡ್ ಕದಲುವುದು ಆಮೇಲೆ. ಈ ‘ಪ್ಲೇ’ ಬಲ್ಲ ಟರ್ನರ್ ಟೂಲನ್ನು ಸದಾ ಒಂದೇ ದಿಕ್ಕಿನಿಂದ ಜಾಬ್‌ಗೆ ತಾಗಿಸುತ್ತಾನೆ. ಆದರೆ ಕಂಟ್ರೋಲರ್ ಮೋಟಾರಿನ ಸುತ್ತನ್ನು ಎಣಿಸುತ್ತದೆಯೇ ಹೊರತು ಸವೆತವನ್ನು ತಾನಾಗಿ ಅರಿಯದು. ಅದಕ್ಕೇ ಹಳೆಯ ಸ್ಕ್ರೂ ತೆಗೆದು ಪ್ಲೇ ತೀರಾ ಕಡಿಮೆ ಇರುವ ಬಾಲ್ ಸ್ಕ್ರೂ ಕೂರಿಸಬೇಕು, ಸವೆದ ಸ್ಲೈಡ್‌ಗಳನ್ನು ಸ್ಕ್ರೇಪಿಂಗ್ ಮಾಡಿ ಸರಿಪಡಿಸಬೇಕು. ಹಿಂದೆ ಜಾಬ್ ತಿರುಗಿಸುವ ಸ್ಪಿಂಡಲ್ ಮತ್ತು ಟೂಲು ಸಾಗಿಸುವ ಕ್ಯಾರೇಜನ್ನು ಗಿಯರುಗಳು ಬೆಸೆಯುತ್ತಿದ್ದವು. ಈಗ ಆ ಬೆಸುಗೆಯ ಬದಲು ಸ್ಪಿಂಡಲ್‌ಗೆ ಅದರ ಸುತ್ತನ್ನು ಅಳೆಯುವ ಎನ್‌ಕೋಡರ್ ಬೇಕು. ಅದು ಪ್ರತಿ ಸುತ್ತಿಗೊಮ್ಮೆ ಸಂಕೇತ ಕೊಡುವುದರಿಂದಲೇ ಥ್ರೆಡ್ ಹಾಕುವಾಗ ಟೂಲು ಪ್ರತಿ ಸಲವೂ ಅದೇ ಜಾಡಿಗೆ ಇಳಿಯುತ್ತದೆ.

ಬಳಕೆ ಮತ್ತು ಮಿತಿ: ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯಲ್ಲಿ 1990ರ ದಶಕದಲ್ಲಿ ಬೆಳೆದ, ಈಗ ಲಿನಕ್ಸ್‌ಸಿಎನ್‌ಸಿ ಎನಿಸಿರುವ ಮುಕ್ತ ತಂತ್ರಾಂಶದಿಂದ ಸಣ್ಣ ವರ್ಕ್‌ಶಾಪುಗಳಿಗೂ ಪರಿವರ್ತನೆ ಎಟುಕಿತು. ಒಂದೇ ಅಳತೆಯ ನೂರಾರು ಬಿಡಿಭಾಗ ಮಾಡುವಲ್ಲಿ ಇದು ಲಾಭಕರ. ದಾಂಡೇಲಿಯಂಥ ಕಾಗದ ಕಾರ್ಖಾನೆಯ ಊರಿನಲ್ಲಿ ಮುರಿದ ಒಂದೇ ಶಾಫ್ಟಿಗೆ ಬುಷ್ ಮಾಡಿಕೊಡಬೇಕಾದರೆ, ಪ್ರೋಗ್ರಾಂ ಬರೆಯುವಷ್ಟರಲ್ಲಿ ಅನುಭವಿ ಟರ್ನರ್ ಕೈ ಲೇಥ್‌ನಲ್ಲೇ ಕೆಲಸ ಮುಗಿಸಿರುತ್ತಾನೆ.