ಬಾಗಿಲದಿಂದ ಹೋದ ಕಸಾ ಯಾರ ಊರಿಗೆ ಹೋತು?

ಈ ಸರ್ತಿ ಕಸದ ಬಗ್ಗೆ ಬರೀಲಿಕತ್ತೇನಿ, ಮೂಗು ಮುಚ್ಚಿಕೋಬ್ಯಾಡ್ರಿ. ರಾಜರ ಇತಿಹಾಸಾ ಸಾಲಿಯೊಳಗ ಓದೇವಿ. ಕಸದ ಇತಿಹಾಸಾ ನಮ್ಮ ಕೈಯಾಗಿಂದನ ಹಾಯ್ದು ಹೋಗೇದ, ಆದ್ರ ಯಾರೂ ಬರದಿಟ್ಟಿಲ್ಲ.

ನಾ ಸಣ್ಣಾಕಿದ್ದಾಗ ಧಾರವಾಡದ ನಮ್ಮ ಮನಿಯೊಳಗ ಕಸದ ಡಬ್ಬಿ ಅನ್ನೋದ ಇರಲಿಲ್ಲ. ಕಾಯಿಪಲ್ಲೆ ಸಿಪ್ಪಿ, ಅಕ್ಕಿ ತೊಳದ ನೀರು ಆಕಳಿಗೆ. ಒಲಿ ಬೂದಿ ಭಾಂಡಿ ತಿಕ್ಕಲಿಕ್ಕೆ. ತೆಂಗಿನ ಚಿಪ್ಪು ಬಚ್ಚಲ ಒಲಿಗೆ. ಹಳೇ ಸೀರಿ ಕೌದಿಗೆ, ರದ್ದಿ ಪೇಪರ್ ಅಂಗಡಿಯವಗ. ಉಳದದ್ದು ಹಿತ್ತಲದ ತಿಪ್ಪಿಗೆ, ತಿಪ್ಪಿಯ ಗೊಬ್ಬರ ಹೊಲಕ್ಕ. ಅಪರೂಪಕ್ಕ ಒಂದು ಪ್ಲಾಸ್ಟಿಕ್ ಚೀಲಾ ಬಂದ್ರ ನಮ್ಮವ್ವ ಅದನ್ನೂ ತೊಳದು, ಒಣಗಿಸಿ, ಮಡಚಿ ಇಡತಿದ್ಲು.

ಹಂಗಂತ ಹಿಂದಿನ ಕಾಲದಾಗ ಎಲ್ಲಾ ಛಲೋ ಇತ್ತು ಅಂತ ನಾ ಹೇಳೂದಿಲ್ಲ. ಲಗ್ನಾ ಆಗಿ ಬೆಂಗಳೂರಿಗೆ ಬಂದ ಮ್ಯಾಲ ಹಳೇ ಬಡಾವಣೆಗಳ ಮನಿಗಳ ಹಿಂದ ಸಣ್ಣ ಸಣ್ಣ ಸಂದಿ ನೋಡಿದೆ. ಕನ್ಸರ್ವೆನ್ಸಿ ಗಲ್ಲಿ ಅಂತಾರ. 1898ರಾಗ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಹೊರಗ ಬಂದು ಮಂದಿ ಬಸವನಗುಡಿ, ಮಲ್ಲೇಶ್ವರದ ಕಡೆ ಮನಿ ಕಟ್ಟಿಕೊಂಡ್ರು. ಅಲ್ಲಿ ಅಗಲ ರಸ್ತೆ, ಗಾಳಿ, ಬೆಳಕು, ಎಲ್ಲಾ ಇದ್ವು. ಮನಿ ಹಿಂದ ಮಾತ್ರ ಈ ಗಲ್ಲಿ. ಪಾಯಖಾನೆಯ ಮಲ ತಗಿಯೋರು ಮುಂದಿನ ಬಾಗಿಲಕ್ಕ ಬರಬಾರದು, ಹಿಂದಿಂದ ಬಂದು ಬಳಕೊಂಡು ಹೋಗಬೇಕು ಅಂತ. ಮನಿಯೊಳಗಿನವರಿಗೆ ಅವರ ಮುಖಾನೂ ಕಾಣತಿರಲಿಲ್ಲ. ತಲಿ ಮ್ಯಾಲ ಮಲ ಹೊರೋ ಪದ್ಧತಿಯನ್ನ ನಮ್ಮ ರಾಜ್ಯದಾಗ ನಿಲ್ಲಿಸಿದವರು ಮಂತ್ರಿ ಬಿ. ಬಸವಲಿಂಗಪ್ಪನವರು, ಅದೂ 1970ರ ದಶಕದಾಗ. ಇಡೀ ದೇಶಕ್ಕ ಕಾಯ್ದೆ ಬಂದದ್ದು 1993ರಾಗ. ಅಲ್ಲೀತನಕ ನಮ್ಮ ಸ್ವಚ್ಛ ಮನಿಯ ಭಾರ ಮತ್ತೊಬ್ಬರ ತಲಿ ಮ್ಯಾಲ ಇತ್ತು. ಇದನ್ನ ಮರತು ಕಸದ ಮಾತು ಆಡಬಾರದು.

ಕಸದ್ದೂ ಇದ ಕಥಿ. ನಾ ಬಂದಾಗ ಬೆಂಗಳೂರಿನ ರಸ್ತೆ ಮೂಲಿಗೆ ಸಿಮೆಂಟಿನ ತೊಟ್ಟಿ ಇರತಿದ್ವು. ಬಕೆಟ್ ಒಯ್ದು ಸುರುವಿ ಬಂದ್ರ ನಮ್ಮ ಕೆಲಸಾ ಮುಗೀತು. ನಾಯಿ, ಆಕಳು ಅದನ್ನ ಎಳದಾಡತಿದ್ವು. 1996ರಾಗ ನಮ್ಮ ಬೆಂಗಳೂರಿನವರ ಆದ ಅಲ್ಮಿತ್ರಾ ಪಟೇಲ್ ಅನ್ನೋ ಹೆಣಮಗಳು ಊರ ಕಸದ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದ್ರು. ಅದರಿಂದನ 2000ದಾಗ ದೇಶಕ್ಕೆಲ್ಲಾ ನಗರದ ಘನತ್ಯಾಜ್ಯದ ನಿಯಮ ಬಂದ್ವು. ಅದ ಹೊತ್ತಿಗೆ ತೊಟ್ಟಿ ಹೋಗಿ, ಪೌರಕಾರ್ಮಿಕರು ತಳ್ಳುಗಾಡಿ ತಗೊಂಡು ಪೀಪಿ ಊದಕೋತ ಮನಿ ಬಾಗಿಲಕ್ಕ ಬರಲಿಕ್ಕೆ ಶುರು ಮಾಡಿದ್ರು. ನಮಗೆಲ್ಲಾ ಭಾಳ ಖುಷಿ. ಆದ್ರ ಗಾಡಿ ಎಲ್ಲಿಗೆ ಹೋಗತದ ಅಂತ ನಾವು ಯಾರೂ ಕೇಳಲಿಲ್ಲ.

ಅದು ಹೋಗತಿದ್ದದ್ದು ಮಾವಳ್ಳಿಪುರಕ್ಕ, ಮಂಡೂರಿಗೆ. ಎರಡೂ ನಮ್ಮೂರಿನಂಥಾ ಹಳ್ಳಿಗಳ. ಅಲ್ಲೂ ನಮ್ಮಂಥಾ ಹೆಣಮಕ್ಕಳು ಅಡಗಿ ಮಾಡತಾರ, ಬಾವಿ ನೀರು ತರತಾರ. ಅವರ ಊರ ಬಾಜೂಕ ನಮ್ಮ ಕಸದ ಗುಡ್ಡ ಬೆಳೀತು. ನೊಣ, ವಾಸನಿ, ಕೆಟ್ಟ ನೀರು ಅವರ ಪಾಲಿಗೆ. 2012ರ ಮಳಿಗಾಲದಾಗ ಮಾವಳ್ಳಿಪುರಕ್ಕ ಕಸಾ ಒಯ್ಯೋದು ನಿಂತಿತು. ಆವಾಗ ನೋಡ್ರಿ, ಬೆಂಗಳೂರಿನ ರಸ್ತೆ ರಸ್ತೆಯೊಳಗ ರಾಶಿ ಬಿತ್ತು. ಅವರು ವರ್ಷಗಟ್ಟಲೆ ಉಂಡಿದ್ದನ್ನ ನಾವು ಕೆಲವು ದಿನಾ ಉಂಡ್ವಿ. ಮಂಡೂರಿನವರೂ ರಸ್ತೆಗೆ ಇಳದು ಹೋರಾಟಾ ಮಾಡಿದ್ರು. 2014ರ ಡಿಸೆಂಬರ್ 1ರಿಂದ ಅಲ್ಲಿಗೂ ಕಸಾ ಹಾಕೋದು ನಿಂತಿತು.

ಮತ್ತ ಉಪಾಯ ಎಲ್ಲಿಂದ ಬಂತು? ತಿರುಗಿ ನಮ್ಮ ಅಡಗಿಮನಿಗೇ. 2012ರ ಅಕ್ಟೋಬರ್ 1ರಿಂದ ಬೆಂಗಳೂರಿನ ಮನಿಗಳು ಕಸಾ ಬ್ಯಾರೆ ಮಾಡಿ ಕೊಡೋದು ಕಡ್ಡಾಯ ಆತು. 2015ರ ಡಿಸೆಂಬರದಾಗ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಹೇಳಿತು. ಹಸಿ ಕಸಕ್ಕ ಹಸಿರು ಬುಟ್ಟಿ, ಡೈಪರ್, ಪ್ಯಾಡಿನಂಥಾದ್ದಕ್ಕ ಕೆಂಪು ಬುಟ್ಟಿ, ಒಣ ಕಸಕ್ಕ ಚೀಲ. ಮಂದಿ ಇದನ್ನ ಹೊಸಾದು ಅಂದ್ರು. ನಮ್ಮವ್ವ ಆಕಳಿಗೆ ಒಂದು, ತಿಪ್ಪಿಗೆ ಒಂದು, ರದ್ದಿಗೆ ಒಂದು ಅಂತ ತಗದಿಡತಿದ್ದದ್ದು ಇದ ಅಲ್ಲೇನು?

ಮನಿ ಕಸದಾಗ ಅರ್ಧಕ್ಕಿಂತ ಹೆಚ್ಚು ಹಸೀದ ಇರತದ. ಬ್ಯಾರೆ ಇದ್ರ ಅದು ಗೊಬ್ಬರ ಆಗತದ. ಒಣದರ ಕೂಡ ಕಲೀತಂದ್ರ ಎರಡೂ ಕೆಡತಾವ. ಸಾರು ಬಿದ್ದ ಪೇಪರ್, ನಾರೋ ಹಾಲಿನ ಪ್ಯಾಕೆಟ್ ಯಾರೂ ಕೊಳ್ಳೂದಿಲ್ಲ. ಇಲ್ಲೆ ಇನ್ನೊಂದು ಮಾತು ಅದ. ಆ ಚೀಲಾ ಬಿಚ್ಚಿ ಆರಿಸೋದು ಮಷೀನ್ ಅಲ್ಲ, ಕೈ. ಬೆಂಗಳೂರಿನೊಳಗ ಚಿಂದಿ ಆರಿಸೋರಿಗೆ 2011ರಾಗ ಪಾಲಿಕೆಯಿಂದ ಗುರುತಿನ ಚೀಟಿ ಸಿಕ್ಕಿತು. ಆಮ್ಯಾಲೆ ಅವರೊಳಗ ಎಷ್ಟೋ ಮಂದಿ ವಾರ್ಡಿನ ಒಣಕಸದ ಕೇಂದ್ರ ನಡಸಲಿಕ್ಕೆ ಹತ್ತಿದ್ರು. ಅವರೊಳಗ ಹೆಣಮಕ್ಕಳೂ ಭಾಳ ಇದ್ದಾರ. ನಾವು ಹಂಗ ಒಗದ ಪ್ಯಾಡು, ಒಡದ ಗ್ಲಾಸು ಹತ್ತೋದು ಅವರ ಕೈಗೆ. ಪೇಪರಿನಾಗ ಸುತ್ತಿ, ಮ್ಯಾಲೊಂದು ಕೆಂಪು ಗುರುತು ಹಾಕಿದ್ರ ಅವರು ಬಿಚ್ಚೂದಿಲ್ಲ. ನಮಗ ಅರ್ಧ ನಿಮಿಷದ ಕೆಲಸಾ.

“ಗಾಡಿಯವರು ಎಲ್ಲಾ ಕೂಡಿಸೇ ಒಯ್ತಾರ, ನಾವ್ಯಾಕ ಬ್ಯಾರೆ ಮಾಡಬೇಕು?” ಅಂತ ನಿಮ್ಮೊಳಗ ಕೆಲವರು ನನ್ನ ಕೂಡ ವಾದಾ ಮಾಡೀರಿ. ಕೆಲವು ಕಡೆ ಹಂಗೂ ಆಗತದ, ಇಲ್ಲಾ ಅನ್ನೂದಿಲ್ಲ. ಆದ್ರ ಬ್ಯಾರೆ ಮಾಡಿ ಕೊಟ್ಟಾಕಿಗೆ ಮಾತ್ರ “ಯಾಕ ಕೂಡಿಸಿದ್ರಿ?” ಅಂತ ಕೇಳೋ ಅಧಿಕಾರ ಇರತದ. ಕೂಡಿಸಿ ಕೊಟ್ಟಾಕಿ ಏನಂತ ಕೇಳಬೇಕು?

ಕನ್ಸರ್ವೆನ್ಸಿ ಗಲ್ಲಿಯಿಂದ ಮಂಡೂರಿನ ತನಕಾ ನಮ್ಮ ಊರುಗಳು ಸ್ವಚ್ಛ ಆದದ್ದು ಹೊಲಸನ್ನ ಕಣ್ಣಿಗೆ ಕಾಣಧಂಗ ಸರಿಸಿ. ಸರಿಸಿದ್ದನ್ನ ಹೊತ್ತವರು ಬ್ಯಾರೆ ಯಾರೋ. ಅದಕ್ಕ ನಾಳೆಯಿಂದ ಹಾಲಿನ ಪ್ಯಾಕೆಟ್ ಒಂದು ಸರ್ತಿ ನೀರಾಡಿಸಿ ಒಣಗಲಿಕ್ಕೆ ಹಾಕ್ರಿ. ತುದಿ ಕತ್ತರಿಸುವಾಗ ಚೂರು ಪೂರ್ತಿ ಬ್ಯಾರೆ ಆಗಧಂಗ ನೋಡ್ರಿ, ಆ ಸಣ್ಣ ಚೂರನ್ನ ಆರಿಸಿ ತಗಿಯೋದು ಯಾರ ಕೈಲೂ ಆಗೂದಿಲ್ಲ.